ಹಲ್ಲು ಕೀಳಿಸಿದ ಮೇಲೆ ತಟ್ಟೆ ಇಡ್ಲಿಯೋ, ರಾಗಿ ಮುದ್ದೆಯೋ?

ತುಮಕೂರಿನಲ್ಲಿ ಹಲ್ಲು ಕೀಳಿಸಿಕೊಂಡವರಿಗೆ ಸಿಗುವ ಮೊದಲ ಸಲಹೆ ಇಡ್ಲಿ. ಡಾಕ್ಟರ್ ಹೇಳುತ್ತಾರೆ, ಪಕ್ಕದ ಮನೆ ಆಂಟಿ ಹೇಳುತ್ತಾರೆ, ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಕೊಡುವ ಹುಡುಗ ಕೇಳದೆಯೇ ಹೇಳುತ್ತಾನೆ. ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರವನ್ನು ಪಕ್ಕದಲ್ಲೇ ಇಟ್ಟುಕೊಂಡು ಇನ್ನೇನು ತಾನೆ ಹೇಳಿಯಾರು! ನನ್ನವು ಕೆಳದವಡೆಯ ಬುದ್ಧಿಹಲ್ಲುಗಳು, ಎರಡೂ ಕಡೆ ಅಡ್ಡ ಮಲಗಿದ್ದವು. ಮೊದಲು ಬಲಗಡೆಯದು, ಅದು ಪೂರ್ತಿ ಮಾಗಿದ ಮೇಲೆ ಎಡಗಡೆಯದು ತೆಗೆಸಿದೆ. ಒಂದೇ ಬಾಯಿ, ಒಂದೇ ತರದ ಗಾಯ, ಊಟ ಮಾತ್ರ ಬೇರೆ ಬೇರೆ. ಮೊದಲ ಸಲ ಇಡ್ಲಿ ಪಕ್ಷ, ಎರಡನೇ ಸಲ ಮುದ್ದೆ ಪಕ್ಷ. ನನ್ನ ಪ್ರಕಾರ ಗೆದ್ದದ್ದು ಮುದ್ದೆ, ಆದರೆ ಮೊದಲ ದಿನ ಅದನ್ನು ಮುಟ್ಟಬಾರದು.

ಯಾಕೆ ಅನ್ನೋದು ಗೊತ್ತಾಗಬೇಕಾದರೆ ಬಾಯೊಳಗೆ ಏನಾಗುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಹಲ್ಲು ಇದ್ದ ಜಾಗದಲ್ಲಿ ಒಂದು ಗುಳಿ ಉಳಿಯುತ್ತದೆ. ಅದರಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳಬೇಕು, ಅದರ ಕೆಳಗೇ ಗಾಯ ಮಾಯೋದು. ಆ ಹೆಪ್ಪು ಕಿತ್ತು ಬಂದರೆ ಒಳಗಿನ ಮೂಳೆ ಬರಿದಾಗಿ, ವಿಪರೀತ ನೋವು ಕೊಡುವ ಡ್ರೈ ಸಾಕೆಟ್ ಆಗುತ್ತದೆ. ಕೆಳಗಿನ ಬುದ್ಧಿಹಲ್ಲು ತೆಗೆಸಿದವರಿಗೆ, ಅದರಲ್ಲೂ ಸಿಗರೇಟ್ ಸೇದುವವರಿಗೆ, ಇದು ಜಾಸ್ತಿ. ಸ್ಟ್ರಾ ಹಾಕಿ ಹೀರಬೇಡಿ, ಜೋರಾಗಿ ಉಗಿಯಬೇಡಿ, ಮೊದಲ 24 ಗಂಟೆ ಬಿಸಿ ಪದಾರ್ಥ ಬೇಡ ಅಂತ ಡಾಕ್ಟರ್ ಹೇಳೋದು ಇದಕ್ಕೇ. ಆಮೇಲಿನ ತಲೆನೋವು ಇನ್ನೊಂದು: ಅಗುಳು, ಪುಡಿ, ಬೀಜ ಯಾವುದಾದರೂ ಹೋಗಿ ಆ ಗುಳಿಯಲ್ಲಿ ಕೂರುತ್ತದೆ. ಮೆತ್ತಗಿದ್ದರೆ ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಉದುರದೇ ಇರುವುದೂ ಅಷ್ಟೇ ಮುಖ್ಯ.

ಮೊದಲ ದಿನದ ಪೈಪೋಟಿ ಐಸ್‌ಕ್ರೀಂ, ಎಳನೀರು, ರಾಗಿ ಗಂಜಿ ಈ ಮೂರರ ನಡುವೆ. ಇಂಜೆಕ್ಷನ್‌ನ ಜೋಮು ಇಳಿಯಲು ಕೆಲವು ಗಂಟೆ ಬೇಕು. ಅಲ್ಲಿಯವರೆಗೆ ಏನೂ ಅಗಿಯಲು ಹೋಗಬೇಡಿ, ತುಟಿಯನ್ನೋ ಕೆನ್ನೆಯನ್ನೋ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

ಐಸ್‌ಕ್ರೀಂ ಹಿತ, ಅದನ್ನು ಯಾರೂ ಇಲ್ಲ ಅನ್ನುವಂತಿಲ್ಲ. ಕಪ್ಪಿನದು, ಬರೀ ವೆನಿಲಾ, ಗೋಡಂಬಿ ಚೂರು ಇಲ್ಲದ್ದು, ಚಮಚದಲ್ಲಿ. ಕೋನ್ ಬೇಡವೇ ಬೇಡ. ಆದರೆ ಅರ್ಧ ಗಂಟೆಗೆ ಮತ್ತೆ ಹಸಿವು. ಮಾತ್ರೆ ನುಂಗಬೇಕಲ್ವಾ, ನೋವಿನ ಮಾತ್ರೆಯನ್ನು ಹೆಚ್ಚುಕಮ್ಮಿ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹೊಟ್ಟೆ ಉರಿ ಬೇರೆ ಶುರುವಾಗುತ್ತದೆ. ಶುಗರ್ ಇರುವವರಿಗಂತೂ ಇದು ಲೆಕ್ಕಕ್ಕೇ ಇಲ್ಲ. ಎಳನೀರು ಚೆನ್ನಾಗಿದೆ, ತಿಪಟೂರು ಕಡೆಯ ಕಾಯಿ ಸಿಕ್ಕರಂತೂ ಕೇಳುವುದೇ ಬೇಡ. ಆದರೆ ಗಾಡಿಯವರು ಅಭ್ಯಾಸಬಲದಿಂದ ಕೊಚ್ಚಿ ಸ್ಟ್ರಾ ಸಿಕ್ಕಿಸಿಯೇ ಕೈಗೆ ಕೊಡುತ್ತಾರೆ. ಮನೆಗೆ ತಂದು ಲೋಟಕ್ಕೆ ಬಗ್ಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಯಿರಿ. ಬಾಯಾರಿಕೆಗೆ ಸರಿ, ಊಟಕ್ಕೆ ಸಮ ಅಲ್ಲ.

ಹೊಟ್ಟೆ ನಿಲ್ಲಿಸಿದ್ದು ಗಂಜಿಯೇ. ನಮ್ಮಮ್ಮ ಮಾಡುವ ಕ್ರಮ ಹೇಳುತ್ತೇನೆ. ಎರಡು ಚಮಚ ರಾಗಿ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಬೇಕು, ಲೋಟದ ತಳದಲ್ಲಿ ಹಿಟ್ಟು ಕೂತಿರಬಾರದು. ಅದನ್ನು ಕುದಿಯುವ ನೀರಿಗೆ ಸಣ್ಣಗೆ ಬಿಡುತ್ತಾ ಇನ್ನೊಂದು ಕೈಯಲ್ಲಿ ಬಿಡದೆ ತಿರುವಬೇಕು. ಮೊದಲು ಮಂಕಾಗಿರುತ್ತದೆ, ಬೇಯುತ್ತಾ ಬಂದಂತೆ ಬಣ್ಣ ಗಾಢವಾಗಿ ಮೇಲೆ ಹೊಳಪು ಬರುತ್ತದೆ, ಹಸಿ ವಾಸನೆ ಹೋಗುತ್ತದೆ. ಆಗ ಇಳಿಸಿ, ಪೂರ್ತಿ ಆರಿದ ಮೇಲೆ ಹಾಲು ಸೇರಿಸಿ, ಜರಡಿಯಲ್ಲಿ ಒಮ್ಮೆ ಸೋಸಿಬಿಡಿ. ಎಷ್ಟು ನಿಗಾ ವಹಿಸಿದರೂ ಒಂದೆರಡು ಗಂಟು ಉಳಿದಿರುತ್ತವೆ. ಮಜ್ಜಿಗೆ ಹಾಕಿದ ಅಂಬಲಿಯೂ ಆಗುತ್ತದೆ, ಹುಳಿ ಇಲ್ಲದ ಮಜ್ಜಿಗೆ ಇದ್ದರೆ. ಹುಳಿ ಇದ್ದರೆ ಗಾಯಕ್ಕೆ ಹಾಕಿದ ಹೊಲಿಗೆ ಹತ್ತಿರ ಚುರ್ ಅನ್ನುತ್ತದೆ. ಹುರಿಹಿಟ್ಟು ಮಾತ್ರ ಬೇಡ, ಒಣಪುಡಿ ಗಂಟಲಿಗೆ ಹತ್ತಿ ಕೆಮ್ಮು ಬಂದರೆ ಆ ಹೊತ್ತಿನಲ್ಲಿ ಕಷ್ಟ.

ಎರಡನೇ ದಿನದಿಂದ ನಿಜವಾದ ಪಂದ್ಯ.

ತಟ್ಟೆ ಇಡ್ಲಿಯ ಪರವಾಗಿ ಮೊದಲು. ನುಣ್ಣಗೆ ಇರುತ್ತದೆ, ಬೆಳಿಗ್ಗೆ ಎಲ್ಲಿ ಬೇಕಾದರೂ ಸಿಗುತ್ತದೆ, ಮಾಡುವ ತಾಪತ್ರಯ ಇಲ್ಲ. ಬಾಯಿ ಎರಡು ಬೆರಳು ಅಗಲ ಕೂಡ ತೆರೆಯದೇ ಇದ್ದಾಗ (ದವಡೆ ಬಿಗಿದುಕೊಳ್ಳುವುದು ಇದರಲ್ಲಿ ಮಾಮೂಲು) ಚೂರು ಚೂರು ಮಾಡಿ ಒಳಗೆ ತಳ್ಳಬಹುದು. ತೊಂದರೆ ಶುರುವಾಗುವುದು ಬಾಯೊಳಗೆ ಹೋದ ಮೇಲೆ. ಇಡ್ಲಿಗೆ ಕಣ ಇದೆ. ನಾಲಿಗೆಯಲ್ಲಿ ಒತ್ತಿದ ಕೂಡಲೇ ಪುಡಿಯಾಗಿ ಎಲ್ಲ ಕಡೆ ಹರಡುತ್ತದೆ, ಊಟ ಮುಗಿದು ಗಂಟೆಯಾದರೂ ಹಿಂದೆ ಏನೋ ಕೂತಿದೆ ಅನ್ನಿಸುತ್ತಲೇ ಇರುತ್ತದೆ. ಜೋರಾಗಿ ಮುಕ್ಕಳಿಸುವ ಹಾಗಿಲ್ಲ, ಕಡ್ಡಿ ಹಾಕುವ ಹಾಗಿಲ್ಲ. 24 ಗಂಟೆ ಕಳೆದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ತುಂಬಿಕೊಂಡು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಬಾಯಿ ತೆರೆದು ಬಿಟ್ಟುಬಿಡಬೇಕು, ಅಷ್ಟೇ. ಇನ್ನು ಚಟ್ನಿ? ಕಾಯಿಯ ಸಿಪ್ಪೆ, ಹಸಿಮೆಣಸಿನಕಾಯಿ, ಮೇಲೆ ಸಾಸಿವೆ. ಚಟ್ನಿ ಇಲ್ಲದ ತಟ್ಟೆ ಇಡ್ಲಿ ತಿನ್ನುವುದು ಶಿಕ್ಷೆ, ಹಾಲಲ್ಲಿ ನೆನೆಸಿದರೂ ಅಷ್ಟೇ.

ಮೊಸರನ್ನವೂ ಇದೇ ಜಾತಿ. ಅನ್ನ ಚೆನ್ನಾಗಿ ಮಿದ್ದು, ಒಗ್ಗರಣೆ ಇಲ್ಲದೆ ತಿಂದರೆ ಇಡ್ಲಿಗಿಂತ ಒಂದು ಕೈ ಮೇಲು. ಒಗ್ಗರಣೆ ಹಾಕಿದ್ದನ್ನು ತಿಂದರೆ ಒಂದು ಸಾಸಿವೆ ಕಾಳು ಸಾಕು, ಇಡೀ ಮಧ್ಯಾಹ್ನ ಹಾಳು.

ಎಡಗಡೆಯ ಹಲ್ಲು ತೆಗೆಸಿ ಬಂದ ಮೇಲೆ ಇಡ್ಲಿ ತರಿಸಲಾ ಅಂತ ನನ್ನ ಹೆಂಡತಿ ಕೇಳಿದಳು. ಅಮ್ಮ ಒಳಗಿನಿಂದಲೇ, "ಮುದ್ದೆ ನುಂಗಕ್ಕೆ ಹಲ್ಲು ಯಾಕೆ ಬೇಕಪ್ಪ, ನಿಮ್ಮ ತಾತಂಗೆ ಒಂದು ಹಲ್ಲಾದ್ರೂ ಇತ್ತಾ?" ಅಂದರು. ಅದಕ್ಕೆ ಎದುರು ವಾದ ಇಲ್ಲ.

ಮುದ್ದೆಯ ಗೆಲುವು ಇಲ್ಲೇ ಇದೆ. ಅದನ್ನು ಅಗಿಯುವುದೇ ಇಲ್ಲ. ತುತ್ತು ಒಂದೇ ಉಂಡೆಯಾಗಿ ಸಾರಿನಲ್ಲಿ ಜಾರಿಕೊಂಡು ಹೋಗುತ್ತದೆ, ಹಿಂದೆ ಏನನ್ನೂ ಬಿಟ್ಟು ಹೋಗುವುದಿಲ್ಲ. ಮಾಮೂಲಿಗಿಂತ ನೀರು ಜಾಸ್ತಿ ಇಟ್ಟು ಮೆತ್ತಗೆ ತಿರುವಿಸಿ. ಉಗುರುಬೆಚ್ಚಗಾಗುವವರೆಗೆ ಕಾಯಿರಿ, ಅಷ್ಟರಲ್ಲಿ ಮೇಲೆ ಕಟ್ಟುವ ಒಣ ಪದರವನ್ನು ತೆಗೆದು ಪಕ್ಕಕ್ಕಿಡಿ. ತುತ್ತು ಸಣ್ಣ ನೆಲ್ಲಿಕಾಯಿ ಗಾತ್ರ ಸಾಕು, ಗಾಯ ಇಲ್ಲದ ಕಡೆಯಿಂದ ಒಳಗೆ ಹೋಗಲಿ.

ಜೊತೆಗೆ ಯಾವ ಸಾರು ಅನ್ನುವುದರ ಮೇಲೆ ಅರ್ಧ ತೀರ್ಪು ನಿಂತಿದೆ. ಸೊಪ್ಪಿನ ಸಾರು ಬೇಡ, ಸೊಪ್ಪಿನ ನಾರು ಹೊಲಿಗೆ ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಹುರುಳಿ ಬಸ್ಸಾರು ಖಾರ. ಸರಿಹೋಗಿದ್ದು ಉಪ್ಪೆಸರು, ಯಾಕೆಂದರೆ ಅದರಲ್ಲಿ ಕಟ್ಟು ಬೇರೆ, ಖಾರ ಬೇರೆ. ಮನೆಯವರೆಲ್ಲ ಖಾರ ಕಲಸಿಕೊಂಡು ಉಣ್ಣಲಿ, ನೀವು ಬರೀ ಬೇಳೆ ಕಟ್ಟು ಸೋಸಿಕೊಂಡು ಒಂದು ಚಮಚ ತುಪ್ಪ ಬಿಟ್ಟುಕೊಳ್ಳಿ. ಒಬ್ಬರಿಗಾಗಿ ಬೇರೆ ಅಡುಗೆ ಮಾಡುವ ಗೋಜೇ ಇಲ್ಲ. ನಾನ್‌ವೆಜ್ ತಿನ್ನುವವರಿಗೆ ಮೆಣಸು ಕಡಿಮೆ ಹಾಕಿ ಸೋಸಿದ ಕಾಲು ಸೂಪ್ ಕೂಡ ನಡೆಯುತ್ತದೆ, ಆದರೆ ಮೂಳೆ ಚೀಪುವ ಆಸೆ ಬಿಡಬೇಕು. ಚೀಪುವುದೂ ಸ್ಟ್ರಾ ಹೀರುವುದೂ ಒಂದೇ.

ಮುದ್ದೆಗೆ ಮೈನಸ್ ಇಲ್ಲ ಅಂತಲ್ಲ. ನುಂಗಿ ಅಭ್ಯಾಸ ಇಲ್ಲದವರು ಈಗ ಕಲಿಯಲು ಹೋಗಬೇಡಿ, ಗಂಟಲಲ್ಲಿ ಸಿಕ್ಕಿದರೆ ಕಷ್ಟ. ಗಂಟಲು ಊದಿಕೊಂಡು ಎಂಜಲು ನುಂಗುವುದೇ ಕಷ್ಟವಾಗಿದ್ದರೂ ಬೇಡ, ಆ ಸ್ಥಿತಿಯಲ್ಲಿ ಡಾಕ್ಟರ್ ಹತ್ತಿರ ಹೋಗಿ. ರಾಗಿಯಲ್ಲಿ ಕ್ಯಾಲ್ಸಿಯಂ 100 ಗ್ರಾಂಗೆ 300 ಮಿಲಿಗ್ರಾಂಗೂ ಮೇಲಿದೆ, ಆದರೆ ಅದಕ್ಕೇ ಗಾಯ ಬೇಗ ಮಾಯುತ್ತದೆ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಎಂಟಕ್ಕೆ ಉಂಡರೆ ಬೆಳಿಗ್ಗೆವರೆಗೆ ಹಸಿವಾಗುವುದಿಲ್ಲ, ನನಗೆ ಬೇಕಿದ್ದದ್ದು ಅದು. ಪ್ರೋಟೀನ್ ಸಾಲದು ಅನ್ನಿಸಿದರೆ ಮೊಟ್ಟೆ ಇದೆ, ಒಂದಕ್ಕೆ ಸುಮಾರು 6 ಗ್ರಾಂ. ಈರುಳ್ಳಿ, ಮೆಣಸಿನಕಾಯಿ ಇಲ್ಲದೆ ಮೆತ್ತಗೆ ಬುರ್ಜಿ ಮಾಡಿಸಿ. ಹಣ್ಣಿನಲ್ಲಿ ಬಾಳೆ, ಪಪ್ಪಾಯ, ಸಪೋಟ ಸೈ. ದಾಳಿಂಬೆ, ಸೀಬೆ, ಕಿತ್ತಳೆ ಸದ್ಯಕ್ಕೆ ದೂರ.

ಇನ್ನೊಂದು ವಿಷಯ. ಮೆಟ್ರೋನಿಡಜೋಲ್ ಮಾತ್ರೆ ಕೊಟ್ಟಿದ್ದರೆ ಬಾಯೆಲ್ಲ ಲೋಹದ ರುಚಿ ಬರಬಹುದು. ಆಗ ಸಿಹಿ ಗಂಜಿ ಹಿಡಿಸುವುದಿಲ್ಲ, ಸುಮ್ನೆ ಉಪ್ಪು ಹಾಕಿ ಕುಡಿಯಿರಿ. ಆ ಮಾತ್ರೆ ಮುಗಿಯುವವರೆಗೆ ಎಣ್ಣೆ ಪಾರ್ಟಿಗೂ ರಜೆ. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಇಳಿಯುವ ಬದಲು ಏರಿ, ಕಿವಿಯವರೆಗೆ ಎಳೆಯುತ್ತಿದ್ದರೆ ಅದು ಊಟ ಬದಲಿಸಿದರೆ ಹೋಗುವಂಥದ್ದಲ್ಲ, ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ.

ಹಾಸ್ಟೆಲ್, ರೂಮು ಅಂತ ಇರುವ ಹುಡುಗರಿಗೆ ಮುದ್ದೆ ತಿರುವಿ ಕೊಡುವವರು ಯಾರೂ ಇರುವುದಿಲ್ಲ, ಅವರಿಗೆ ಇಡ್ಲಿಯೇ ಗತಿ. ಹಾಗಿದ್ದರೆ ಪಾರ್ಸೆಲ್ ತಂದು, ಸಾಂಬಾರ್ ಹಾಕದೆ ಬಿಸಿ ಹಾಲು ಸುರಿದು, ಪೂರ್ತಿ ಹೀರಿಕೊಂಡು ಆರುವವರೆಗೆ ಬಿಟ್ಟು ಚಮಚದಲ್ಲಿ ತಿನ್ನಿ. ಆಮೇಲೆ ಉಪ್ಪುನೀರು ಮರೆಯಬೇಡಿ.