14 ನಿಮಿಷದ ದಿನ, 2 ನಿಮಿಷದ ಗೋಧಿ

ಬೇಸಾಯದ ಆಟಗಳಲ್ಲಿ ಬೆಳೆಗಳೆಷ್ಟಿವೆ, ಚಿತ್ರಗಳು ಎಷ್ಟು ಚೆಂದವಿವೆ ಎಂಬುದಕ್ಕಿಂತ ಅಲ್ಲಿನ ಗಡಿಯಾರ ಎಷ್ಟು ವೇಗವಾಗಿ ಓಡುತ್ತದೆ ಎಂಬುದೇ ಮುಖ್ಯವೆಂದು ನನಗೆ ಮನವರಿಕೆಯಾದದ್ದು ಕಳೆದ ಬೇಸಿಗೆಯಲ್ಲಿ. ಕಲಬುರಗಿಯ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡಲಾಗದ ಆ ದಿನಗಳಲ್ಲಿ ಸ್ಟಾರ್‌ಡ್ಯೂ ವ್ಯಾಲಿ, ಹೇ ಡೇ ಮತ್ತು ಫಾರ್ಮಿಂಗ್ ಸಿಮ್ಯುಲೇಟರ್ 22 ಎಂಬ ಮೂರು ಆಟಗಳನ್ನು ಸರದಿಯ ಮೇಲೆ ಆಡಿದೆ.

ಎರಿಕ್ ಬರೋನ್ ಅವರು 2016ರಲ್ಲಿ ಹೊರತಂದ ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ದಿನವು ಬೆಳಗಿನ 6 ಗಂಟೆಗೆ ಆರಂಭವಾಗಿ ರಾತ್ರಿ 2ಕ್ಕೆ ಮುಗಿಯುತ್ತದೆ. ಆಟದ 10 ನಿಮಿಷಕ್ಕೆ ನಮ್ಮ 7 ಸೆಕೆಂಡು ಹಿಡಿಯುವುದರಿಂದ ಆ 20 ಗಂಟೆಗಳು ಸುಮಾರು 14 ನಿಮಿಷಗಳಲ್ಲಿ ಕಳೆದುಹೋಗುತ್ತವೆ. ಬೀಜದ ಅಂಗಡಿ ಸಂಜೆ 5ಕ್ಕೆ ಮುಚ್ಚುತ್ತದೆ, ಅಂದರೆ ಎದ್ದು 8 ನಿಮಿಷವಾಗುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಬುಧವಾರವಂತೂ ತೆರೆಯುವುದೇ ಇಲ್ಲ. ಹೊಲಕ್ಕೆ ನೀರುಣಿಸಿ, ದಾರಿಯಲ್ಲಿ ಮೀನಿಗೊಂದು ಗಾಳ ಹಾಕಿ, ಅಂಗಡಿಯ ಮುಂದೆ ಬಂದು ನಿಂತು, ಇವತ್ತು ಬುಧವಾರವೆಂದು ನೆನಪಾದಾಗ ಆಗುವ ಪೇಚಾಟವು ಆಟದ ದೋಷವೆಂದು ಮೊದಲ ವಾರ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಎಲ್ಲ ಕೆಲಸವೂ ಒಂದೇ ದಿನದಲ್ಲಿ ಆಗುವುದಿಲ್ಲವೆಂದು ತಿಳಿದ ಮೇಲೆಯೇ ಇವತ್ತು ಯಾವುದನ್ನು ಬಿಡಬೇಕೆಂಬ ಯೋಚನೆ ಶುರುವಾಗುತ್ತದೆ, ಮತ್ತು ಆಟದ ರುಚಿಯೆಲ್ಲ ಇರುವುದು ಆ ಯೋಚನೆಯಲ್ಲಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆರಂಭದಲ್ಲಿ ಸಮಯಕ್ಕಿಂತ ಮೊದಲು ತೀರುವುದು ಮೈಯ ಕಸುವು. ನೀರು ಹಾಕಿ, ಮರ ಕಡಿದು, ಕಲ್ಲೊಡೆದು ಮಧ್ಯಾಹ್ನಕ್ಕೇ ಸುಸ್ತಾದವನು ಬೇಗ ಮಲಗಿಬಿಡುತ್ತಾನೆ, ದಿನ ಚಿಕ್ಕದೆಂಬ ದೂರು ಆಗ ಬರುವುದಿಲ್ಲ. ಆಟದೊಳಗಿನ ಬೇಸಿಗೆಯ ಹೊತ್ತಿಗೆ ಸ್ಪ್ರಿಂಕ್ಲರ್‌ಗಳನ್ನು ಕೂರಿಸಿ ನೀರಿನ ಕೆಲಸ ತಪ್ಪಿದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ: ಕಸುವು ಉಳಿದಿರುತ್ತದೆ, ಗಡಿಯಾರ ಮಾತ್ರ ರಾತ್ರಿ 1 ಗಂಟೆ ತೋರಿಸುತ್ತಿರುತ್ತದೆ. 1996ರ ಹಾರ್ವೆಸ್ಟ್ ಮೂನ್ ಎಂಬ ಬೇಸಾಯದ ಹಳೆಯ ಆಟದಲ್ಲಿ ಸಂಜೆ 6ಕ್ಕೆ ಗಡಿಯಾರವೇ ನಿಂತುಬಿಡುತ್ತಿತ್ತು, ಕಸುವಿರುವವರೆಗೆ ರಾತ್ರಿಯೆಲ್ಲ ದುಡಿಯಬಹುದಿತ್ತು. ಕೇಳುವುದಕ್ಕೆ ಅದು ಉದಾರವೆನಿಸಿದರೂ, ಹೊತ್ತು ಮುಳುಗುವ ಭಯವಿಲ್ಲದ ಆ ರಾತ್ರಿಗಳಲ್ಲಿ ನನಗಂತೂ ಆಕಳಿಕೆ ಬಂತು.

ಆದರೆ ಸ್ಟಾರ್‌ಡ್ಯೂ ನನ್ನಿಂದ ಒಂದು ದಂಡವನ್ನೂ ವಸೂಲಿ ಮಾಡಿತು. ಕಂಪ್ಯೂಟರ್‌ನಲ್ಲಿ ಈ ಆಟವು ನಾವು ಅದರೊಳಗೆ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ಒಂದು ಮಧ್ಯಾಹ್ನ ಗಣಿಯಲ್ಲಿ ಬಹಳ ಕೆಳಗಿಳಿದು, ಚೀಲ ತುಂಬಿಕೊಂಡು, ರಾತ್ರಿ 12 ದಾಟಿ ಮನೆಗೆ ಮರಳುತ್ತಿದ್ದಾಗ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಹಿಂದಿನ ತಿಂಗಳೇ ಸತ್ತಿತ್ತು. ಕರೆಂಟ್ ಬಂದ ಮೇಲೆ ತೆರೆದರೆ ಅದೇ ದಿನದ ಬೆಳಗಿನ 6 ಗಂಟೆ, ಚೀಲ ಖಾಲಿ. ದಿನವೇ 14 ನಿಮಿಷದ್ದಾದ್ದರಿಂದ ನಷ್ಟವೂ ಅಷ್ಟಕ್ಕೇ ಮುಗಿಯಿತು. ದಿನ 1 ಗಂಟೆಯದಾಗಿದ್ದರೆ ಆ ಆಟವನ್ನು ನಾನು ಮತ್ತೆ ಮುಟ್ಟುತ್ತಿರಲಿಲ್ಲ.

ಹೇ ಡೇ ಬಗ್ಗೆ ಹೆಚ್ಚು ಹೇಳುವುದಿಲ್ಲ. 2012ರ ಈ ಮೊಬೈಲ್ ಆಟದಲ್ಲಿ ದಿನವೆಂಬುದೇ ಇಲ್ಲ, ಇರುವುದು ಕಾಯುವಿಕೆ: ಗೋಧಿಗೆ 2 ನಿಮಿಷ, ಮೆಕ್ಕೆಜೋಳಕ್ಕೆ 5, ಸೋಯಾಬೀನಿಗೆ 20, ಕಬ್ಬಿಗೆ 30. ಬೆಳೆದದ್ದು ಒಣಗಿಹೋಗುವುದಿಲ್ಲ, ಅದೊಂದು ಸಮಾಧಾನ. ಆದರೂ ಊಟದ ತಟ್ಟೆಯ ಪಕ್ಕದಲ್ಲಿ ಫೋನಿಟ್ಟುಕೊಂಡು ಕಬ್ಬು ಬಂತೇ ಎಂದು ಇಣುಕುವ ಚಟ ಹತ್ತಿದ್ದರಿಂದ 3 ವಾರಕ್ಕೇ ಅಳಿಸಿದೆ.

ಫಾರ್ಮಿಂಗ್ ಸಿಮ್ಯುಲೇಟರ್ 22ರಲ್ಲಿ ಗಡಿಯಾರದ ಹಗ್ಗ ನಮ್ಮ ಕೈಯಲ್ಲೇ ಇದೆ. 5 ಪಟ್ಟು ವೇಗವಿಟ್ಟರೆ ದಿನವೊಂದಕ್ಕೆ 4 ಗಂಟೆ 48 ನಿಮಿಷ, 30 ಪಟ್ಟಿಗೆ 48 ನಿಮಿಷ, 120 ಪಟ್ಟಿಗೆ 12 ನಿಮಿಷ. ಗಡಿಯಾರದ ವೇಗ ಹೆಚ್ಚಿಸಿದರೂ ಟ್ರ್ಯಾಕ್ಟರಿನ ವೇಗ ಹೆಚ್ಚುವುದಿಲ್ಲ ಎಂಬುದನ್ನು ನಾನು ಕಲಿತದ್ದು ಹೊಲದಲ್ಲೇ. 120 ಪಟ್ಟಿನಲ್ಲಿ ಬಿತ್ತಲು ಹೊರಟವನು ನಾಲ್ಕು ಸಾಲು ಮುಗಿಸುವಷ್ಟರಲ್ಲಿ ಕತ್ತಲಾಯಿತು. ಅದರ ಮೇಲೆ, ನಾವಾಗಿ ಬದಲಿಸದಿದ್ದರೆ ಆಟದಲ್ಲಿ ತಿಂಗಳಿಗೆ ಒಂದೇ ದಿನವಿರುವುದರಿಂದ ಆ ಒಂದು ರಾತ್ರಿಯೊಂದಿಗೆ ಇಡೀ ಸೆಪ್ಟೆಂಬರ್ ಕಳೆದುಹೋಯಿತು. ಗೋಧಿ ಬಿತ್ತನೆಗೆ ಅಕ್ಟೋಬರ್ ಒಂದೇ ಉಳಿಯಿತು. 5 ಪಟ್ಟಿಗೆ ಇಳಿಸಿದರೆ ಕೆಲಸ ನೆಮ್ಮದಿಯಿಂದ ಸಾಗಿತು, ಆದರೆ ಬಿತ್ತಿದ ಮೇಲೆ ಮಾಡಲೇನೂ ಇಲ್ಲದೆ ಖಾಲಿ ಹೊಲವನ್ನು ನೋಡುತ್ತ ಕೂರಬೇಕಾಯಿತು.

ಸೇಡಂ ಕಡೆಯ ನಮ್ಮ ಹೊಲದಲ್ಲಿ ತೊಗರಿ ಬೆಳೆಯುವ ಅಪ್ಪ ಒಂದು ಸಂಜೆ ಹಿಂದೆ ಬಂದು ನಿಂತರು. ಆಟದಲ್ಲಿ ಜುಲೈ ತಿಂಗಳ ಗೋಧಿ ಕೊಯ್ಲು ನಡೆದಿತ್ತು, ಏಕೆಂದರೆ ಅದರ ಪಂಚಾಂಗ ಯುರೋಪಿನದು.

“ಆಷಾಢದಾಗ ಗೋಧಿ ಕೊಯ್ತಾರೇನೋ ತಮ್ಮಾ? ನಮ್ಮ ಕಡಿ ಹೋಳಿ ಹೊತ್ತಿಗೆ ರಾಶಿನೇ ಮುಗಿದಿರ್ತದ” ಎಂದು ನಕ್ಕರು. ಆಮೇಲೆ ಗಡಿಯಾರದ ವಿಷಯ ಕೇಳಿ, “ಕೆಲಸ ಇದ್ದಾಗ ನಿಧಾನ ಇಡು, ಇಲ್ಲದಾಗ ಓಡಸು” ಎಂದರು.

ಅಂದಿನಿಂದ ತಿಂಗಳಿಗೆ 3 ದಿನಗಳನ್ನು ಇಟ್ಟುಕೊಂಡು, ಬಿತ್ತನೆ ಮತ್ತು ಕೊಯ್ಲಿನ ಹೊತ್ತಿಗೆ 5 ಪಟ್ಟು, ಉಳಿದಂತೆ 120 ಪಟ್ಟು ವೇಗದಲ್ಲಿ ಆಡುತ್ತಿದ್ದೇನೆ. ಸ್ಟಾರ್‌ಡ್ಯೂ ಕೊಡುವ ತವಕ ಇದರಲ್ಲಿಲ್ಲ, ಹಾಗಾಗಿ ನನ್ನ ಮೊದಲ ಆಯ್ಕೆ ಇಂದಿಗೂ ಅದೇ. ಆದರೆ ಅಪ್ಪ ಕುರ್ಚಿ ಎಳೆದುಕೊಂಡು ನೋಡಲು ಕೂರುವುದು ಈ ಟ್ರ್ಯಾಕ್ಟರಿನ ಆಟಕ್ಕೆ, ಅದೂ 5 ಪಟ್ಟಿನಲ್ಲಿ ಓಡುವಾಗ ಮಾತ್ರ.