ಹಾಸನದ ಲ್ಯಾಬ್ ಒಂದರ ಗರ್ಭಿಣಿ ಪ್ಯಾಕೇಜ್: ಕೈ ಹಗುರ, ರಿಪೋರ್ಟ್ ಭಾರ

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಈ ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಹುಡುಗಿಯ ಕೈ ಬಹಳ ಹಗುರ. ನನ್ನ ತಂಗಿಗೆ ನರ ಸಿಗುವುದೇ ಕಷ್ಟ. ಬೇರೆ ಕಡೆ ಎರಡೂ ಕೈಗೆ ಚುಚ್ಚಿ, ನೀಲಿಗಟ್ಟಿಸಿ ಕಳಿಸಿದ್ದಾರೆ. ಇಲ್ಲಿ ಆ ಹುಡುಗಿ ಅವಸರ ಮಾಡಲಿಲ್ಲ. ಮೊಣಕೈ ಒಳಗಡೆ ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. "ಸ್ವಲ್ಪ ಕೈ ಉಜ್ಜಿಕೊಳ್ಳಿ ಅಕ್ಕಾ, ಬೆಚ್ಚಗಾಗಲಿ" ಎಂದಳು. ಆಮೇಲೆ ಸಣ್ಣ ಸೂಜಿ ತೆಗೆದಳು. ಒಂದೇ ಸಲಕ್ಕೆ ಆಯಿತು. ಬೂದು ಮುಚ್ಚಳದ ಟ್ಯೂಬ್ ಸಕ್ಕರೆಗೆ, ನೇರಳೆ ಮುಚ್ಚಳದ್ದು ಹಿಮೋಗ್ಲೋಬಿನ್‌ಗೆ, ಹಳದಿಯದ್ದು ಮಿಕ್ಕ ಎಲ್ಲಕ್ಕೂ. ಒಂದೊಂದು ತುಂಬಿದ ಹಾಗೆ ಮೆಲ್ಲಗೆ ತಿರುಗಿಸಿ, ತಂಗಿಯ ಕಣ್ಣೆದುರೇ ಹೆಸರಿನ ಚೀಟಿ ಅಂಟಿಸಿದಳು. ಎಷ್ಟೋ ಕಡೆ ಟ್ಯೂಬ್‌ಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಆಮೇಲೆ ಚೀಟಿ ಹಚ್ಚುತ್ತಾರೆ. ಹೆಸರು ಅದಲುಬದಲಾಗುವುದೇ ಅಲ್ಲಿ. ಗರ್ಭಿಣಿ ಅಂತ ಟೋಕನ್ ಕಾಯಿಸದೆ ಮೊದಲೇ ಒಳಗೆ ಕರೆದರು. ರಿಪೋರ್ಟ್ ಅದೇ ದಿನ ಸಂಜೆ ವಾಟ್ಸಾಪ್‌ಗೆ ಬಂತು.

ತೊಂದರೆ ಶುರುವಾಗಿದ್ದು ಆ ರಿಪೋರ್ಟ್‌ನಿಂದ.

ತಂಗಿ ಹೆರಿಗೆಗೆ ಬೆಂಗಳೂರಿನಿಂದ ನಮ್ಮ ಮನೆಗೆ, ಸಾಲಗಾಮೆ ರಸ್ತೆ ಕಡೆಗೆ ಬಂದಿದ್ದಾಳೆ. ಆಗ ಅವಳಿಗೆ 32 ವಾರ. ಲ್ಯಾಬ್‌ನವರ 'ಗರ್ಭಿಣಿ ಪ್ಯಾಕೇಜ್'ನಲ್ಲಿ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದಲ್ಲಿನ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್‌ನಂಥ ಕೊಬ್ಬುಗಳ ಪರೀಕ್ಷೆ ಕೂಡ ಸೇರಿತ್ತು. ಕೌಂಟರ್‌ನಲ್ಲಿ ಎಷ್ಟು ವಾರ ಎಂದು ಕೇಳಿದರು, ಬರೆದುಕೊಂಡರು. ರಿಪೋರ್ಟ್‌ನ ತಲೆಯಲ್ಲಿ '32 ವಾರ' ಎಂದು ಅಚ್ಚಾಗಿಯೂ ಇದೆ. ಅದರ ಕೆಳಗೆ ಒಟ್ಟು ಕೊಲೆಸ್ಟ್ರಾಲ್ 268, ಪಕ್ಕದಲ್ಲಿ ಕೆಂಪು ಬಾಣ. ಎಲ್‌ಡಿಎಲ್ ಎಂಬ ಬಗೆಯ ಕೊಲೆಸ್ಟ್ರಾಲ್ 158, ಕೆಂಪು ಬಾಣ. ಟ್ರೈಗ್ಲಿಸರೈಡ್ 262, ಮತ್ತೆ ಕೆಂಪು ಬಾಣ. 'ಇರಬೇಕಾದ ಮಟ್ಟ' ಎನ್ನುವ ಸಾಲಿನಲ್ಲಿ 200ಕ್ಕಿಂತ ಕಡಿಮೆ, 100ಕ್ಕಿಂತ ಕಡಿಮೆ, 150ಕ್ಕಿಂತ ಕಡಿಮೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ಹೃದಯದ ಕಾಯಿಲೆಯ ಅಪಾಯ ಹೆಚ್ಚು, ಕೂಡಲೇ ವೈದ್ಯರನ್ನು ಕಾಣಿ ಎಂಬ ಸಾಲು.

ಆ ಮಟ್ಟಗಳು ಬಸುರಿಯಲ್ಲದವರಿಗೆ ಇರುವಂಥವು. ವಾರ ಕೇಳಿ, ಬರೆದುಕೊಂಡು, ಅಚ್ಚು ಹಾಕಿ, ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಆಗಸ್ಟ್‌ನಲ್ಲಿ ಗೊರೂರು ಡ್ಯಾಮಿನ ನೀರನ್ನು ಏಪ್ರಿಲ್ ತಿಂಗಳ ಅಳತೆಗೆ ಹಿಡಿದು 'ಅಯ್ಯೋ ಜಾಸ್ತಿ' ಅಂದ ಹಾಗಾಯಿತು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಹಾಗಾಗಿ ಇದನ್ನು ಸುಮ್ನೆ ಬಿಡಲು ಮನಸ್ಸು ಬರಲಿಲ್ಲ. ಬಸುರಿನಲ್ಲಿ ಕೊಲೆಸ್ಟ್ರಾಲ್ ಏರಲೇಬೇಕು. ಮೊದಲ ಕೆಲವು ವಾರ ಸ್ವಲ್ಪ ಇಳಿಯುತ್ತದೆ, ಆಮೇಲೆ ಏರುತ್ತಾ ಹೋಗುತ್ತದೆ. ಕೊನೆಯ ಮೂರು ತಿಂಗಳಲ್ಲಿ ಒಟ್ಟು ಕೊಲೆಸ್ಟ್ರಾಲ್ ಮೊದಲಿದ್ದುದಕ್ಕಿಂತ ಶೇಕಡಾ 25ರಿಂದ 50ರಷ್ಟು ಜಾಸ್ತಿ ಇರುವುದು ಮಾಮೂಲಿ. ಟ್ರೈಗ್ಲಿಸರೈಡ್ ಎರಡು ಪಟ್ಟು, ಮೂರು ಪಟ್ಟು ಆಗುತ್ತದೆ. ಈಸ್ಟ್ರೋಜನ್ ಹಾರ್ಮೋನು ಏರಿದ ಹಾಗೆ ಲಿವರ್ ಕೊಬ್ಬನ್ನು ಹೆಚ್ಚು ಹೆಚ್ಚಾಗಿ ರಕ್ತಕ್ಕೆ ಕಳಿಸುತ್ತದೆ. ಇನ್ಸುಲಿನ್ ಮಾತನ್ನು ಮೈ ಅಷ್ಟಾಗಿ ಕೇಳುವುದಿಲ್ಲ, ಹಾಗಾಗಿ ಕೂಡಿಟ್ಟ ಕೊಬ್ಬು ಕರಗಿ ಹೊರಬರುತ್ತದೆ. ತಾಯಿ ಆ ಕೊಬ್ಬಿನಿಂದ ನಡೆಸಿಕೊಂಡರೆ ಸಕ್ಕರೆ ಮಗುವಿಗೆ ಉಳಿಯುತ್ತದೆ.

ಇನ್ನೊಂದು ಕೆಲಸವೂ ಇದೆ. ಬಸುರು ನಿಲ್ಲಲು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬೇಕು. ಎರಡು ತಿಂಗಳು ಕಳೆದ ಮೇಲೆ ಅದನ್ನು ಮುಖ್ಯವಾಗಿ ಮಾಡುವುದು ಮಾಸು (ಪ್ಲಾಸೆಂಟಾ). ಮಾಡಲು ಬೇಕಾದ ಕೊಲೆಸ್ಟ್ರಾಲನ್ನು ಮಾಸು ತಾನಾಗಿ ಹೆಚ್ಚು ತಯಾರಿಸುವುದಿಲ್ಲ, ತಾಯಿಯ ರಕ್ತದ ಎಲ್‌ಡಿಎಲ್‌ನಿಂದಲೇ ಎಳೆದುಕೊಳ್ಳುತ್ತದೆ. ನಾವೆಲ್ಲ 'ಕೆಟ್ಟ ಕೊಲೆಸ್ಟ್ರಾಲ್' ಎಂದು ಬೈಯುತ್ತೇವಲ್ಲ, ಅದೇ ಎಲ್‌ಡಿಎಲ್. ಮಗುವಿನ ಪ್ರತಿ ಜೀವಕೋಶದ ಪೊರೆಗೂ ಕೊಲೆಸ್ಟ್ರಾಲ್ ಬೇಕು. ಮೊದಮೊದಲು ತಾಯಿಯಿಂದ ಬರುವುದೇ ಅದಕ್ಕೆ ದೊಡ್ಡ ಆಸರೆ. ಬೆಳೆದ ಹಾಗೆ ಮಗು ತನಗೆ ಬೇಕಾದ ಬಹುಪಾಲನ್ನು ತಾನೇ ಮಾಡಿಕೊಳ್ಳುತ್ತದೆ. ಹುಟ್ಟಿನಿಂದಲೇ ಹಾಗೆ ಮಾಡಿಕೊಳ್ಳಲಾಗದ ಅಪರೂಪದ ಕಾಯಿಲೆಯೂ ಒಂದಿದೆ, ಸ್ಮಿತ್-ಲೆಮ್ಲಿ-ಆಪಿಟ್ಜ್ ಅಂತ. ಆ ಮಕ್ಕಳ ಮೆದುಳು, ಮುಖ, ಕಾಲ್ಬೆರಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಕೊಲೆಸ್ಟ್ರಾಲ್ ಮಗುವಿಗೆ ಎಷ್ಟು ಬೇಕು ಎನ್ನುವುದು ಅಲ್ಲೇ ಗೊತ್ತಾಗುತ್ತದೆ ಅಲ್ವಾ?

ತಂಗಿಯ ಹಳೇ ರಿಪೋರ್ಟ್ ಹುಡುಕಿ ತೆಗೆದೆ. ಬಸುರಿಗೆ ಮೊದಲು ಒಟ್ಟು ಕೊಲೆಸ್ಟ್ರಾಲ್ 184, ಟ್ರೈಗ್ಲಿಸರೈಡ್ 96. ಈಗಿನ ಏರಿಕೆ ಆ ಮಾಮೂಲಿ ಲೆಕ್ಕದ ಒಳಗೇ ಇದೆ.

ಆದರೆ ಕೆಂಪು ಬಾಣ ಮೊದಲು ಮನೆಗೆ ಬಂತು, ವಿವರಣೆ ಆಮೇಲೆ. ಅವಳ ಅತ್ತೆ ಫೋನ್ ಮಾಡಿ "ತುಪ್ಪ ನಿಲ್ಲಿಸಿಬಿಡು ಮಗಳೇ, ಮೊಟ್ಟೆನೂ ಬೇಡ" ಅಂದರು. ಪಾಪ, ಅವರದ್ದು ಕಾಳಜಿಯೇ. ಭಾವ ಬೆಳ್ಳುಳ್ಳಿ ಕಷಾಯದ ವಿಡಿಯೊ ಕಳಿಸಿದರು. ತಂಗಿ ರಾತ್ರಿ ಊಟಕ್ಕೆ ಬರೀ ಮಜ್ಜಿಗೆ ಕುಡಿದು ಮಲಗಿದಳು. ಮಗು ತೂಕ ಹಾಕಿಕೊಳ್ಳುವ ಹೊತ್ತಿನಲ್ಲಿ ಮೊಟ್ಟೆ ಬಿಡಿಸುವಂಥ ರಿಪೋರ್ಟ್ ಇದು. ಅದರ ಮೇಲೆ ಲ್ಯಾಬ್‌ನವರ ಕಡೆಯಿಂದ ಫೋನ್: ಹೃದಯದ ಪ್ಯಾಕೇಜ್ ಇದೆ, ರಿಯಾಯಿತಿ ಇದೆ ಮೇಡಂ ಅಂತ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಆಗ.

ಡಾಕ್ಟರಮ್ಮ ರಿಪೋರ್ಟ್ ನೋಡಿದರು, ಲಿಪಿಡ್ ಪುಟವನ್ನು ಮಡಚಿಟ್ಟರು. "ಇದನ್ನು ಯಾರು ಬರೆದುಕೊಟ್ಟರು?" ಅಂದರು. ಯಾರೂ ಇಲ್ಲ, ಪ್ಯಾಕೇಜ್‌ನಲ್ಲಿ ಬಂತು. ಎಲ್ಲ ಗರ್ಭಿಣಿಯರಿಗೂ ಲಿಪಿಡ್ ಪರೀಕ್ಷೆ ಬೇಕಿಲ್ಲ. ಮೊದಲಿಂದಲೇ ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಿಗೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರಿದ್ದರೆ, ಮುಂಚೆ ಮೇದೋಜೀರಕ ಗ್ರಂಥಿ ಊದಿಕೊಂಡಿದ್ದರೆ ಬೇಕಾಗುತ್ತದೆ. ಟ್ರೈಗ್ಲಿಸರೈಡ್ ಸಾವಿರ ದಾಟಿದರೆ ಆ ಗ್ರಂಥಿಗೆ ಅಪಾಯ, ತಾಯಿಯ ಜೀವಕ್ಕೇ ಅಪಾಯ. 262 ಆ ದಾರಿಯಲ್ಲೇ ಇಲ್ಲ.

ಹಾಗಂತ ಬಸುರಿನಲ್ಲಿ ಕೊಬ್ಬಿನ ಏರಿಕೆ ಎಲ್ಲರಲ್ಲೂ ಒಂದೇ ಥರ ಅಲ್ಲ. ಬಸುರಿನ ಸಕ್ಕರೆ ಕಾಯಿಲೆ ಇರುವವರಲ್ಲಿ, ಬಿಪಿ ಏರಿ ಮೂತ್ರದಲ್ಲಿ ಪ್ರೊಟೀನ್ ಹೋಗುವವರಲ್ಲಿ ಟ್ರೈಗ್ಲಿಸರೈಡ್ ಇನ್ನೂ ಜಾಸ್ತಿ, ಎಚ್‌ಡಿಎಲ್ ಎಂಬ 'ಒಳ್ಳೆಯ ಕೊಲೆಸ್ಟ್ರಾಲ್' ಕಡಿಮೆ ಇರುವುದು ಕಂಡುಬರುತ್ತದೆ. ಆದರೆ ಆ ಎರಡನ್ನು ಹಿಡಿಯುವುದು ಲಿಪಿಡ್ ಪರೀಕ್ಷೆಯಿಂದ ಅಲ್ಲ. ಬಿಪಿ ನೋಡಬೇಕು, ಮೂತ್ರ ನೋಡಬೇಕು, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಸಕ್ಕರೆ ನೋಡಬೇಕು. 140 ಅಥವಾ ಮೇಲೆ ಬಂದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದ ನಡುವೆ ಇನ್ನೊಮ್ಮೆ. ಡಾಕ್ಟರಮ್ಮ ತಂಗಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: "ಅಂಗೈ, ಅಂಗಾಲು ತುರಿಕೆ ಇದೆಯಾ? ರಾತ್ರಿ ಹೊತ್ತು ಜಾಸ್ತಿಯಾಗುತ್ತಾ?" ಲಿವರ್ ಕೊಲೆಸ್ಟ್ರಾಲಿನಿಂದ ಪಿತ್ತದ ಆಮ್ಲ ಮಾಡುತ್ತದೆ. ಕೆಲವು ಬಸುರಿಯರಲ್ಲಿ ಅದು ಸರಿಯಾಗಿ ಹರಿಯದೆ ರಕ್ತದಲ್ಲಿ ಉಳಿಯುತ್ತದೆ, ಮೈಮೇಲೆ ಗುಳ್ಳೆ ಇಲ್ಲದೆಯೂ ತಡೆಯಲಾಗದ ತುರಿಕೆ. ಆ ಆಮ್ಲ ಲೀಟರಿಗೆ 100 ಮೈಕ್ರೊಮೋಲ್ ಮುಟ್ಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಹೆಚ್ಚುತ್ತದೆ. ತುರಿಕೆ ಅಂದರೆ ಬೆವರು, ಉಷ್ಣ ಎಂದು ಕೊಬ್ಬರಿ ಎಣ್ಣೆ ಹಚ್ಚಿ ಕೂರಬೇಡಿ, ತೋರಿಸಿ.

ಈಗ ಪ್ಯಾಕೇಜ್ ನೋಡಿ. ಲಿಪಿಡ್ ಇದೆ, ಗ್ಲೂಕೋಸ್ ಕುಡಿಸುವ ಪರೀಕ್ಷೆ ಇಲ್ಲ. ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ. ಮೂತ್ರದ ಪ್ರೊಟೀನ್ ಇಲ್ಲ. ತಂಗಿಗೆ ಅವು ಬೆಂಗಳೂರಲ್ಲೇ ಆಗಿದ್ದವು. ಆಗದವರು ಈ ಪ್ಯಾಕೇಜನ್ನೇ ನಂಬಿಕೊಂಡರೆ? ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದ ಮೇಲಿನ ಗರ್ಭಿಣಿಯರ ತಪಾಸಣೆ ಉಚಿತವಾಗಿ ನಡೆಯುತ್ತದೆ, 2016ರಿಂದಲೂ ಇದೆ. ತಾಯಿ ಕಾರ್ಡ್ ತೆಗೆದುಕೊಂಡು ಹೋದರೆ ಬಿಪಿ, ಮೂತ್ರ, ಸಕ್ಕರೆ, ಹಿಮೋಗ್ಲೋಬಿನ್ ಎಲ್ಲ ನೋಡುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ.

ಉಪವಾಸದ ವಿಷಯವೂ ಹೇಳಬೇಕು. ಲ್ಯಾಬ್‌ನವರು 12 ಗಂಟೆ ಏನೂ ತಿನ್ನಬೇಡಿ ಎಂದಿದ್ದರು. ಆಟೋದಲ್ಲೇ ತಂಗಿಗೆ ತಲೆ ಸುತ್ತಿತು. ರಕ್ತ ಕೊಟ್ಟ ಮೇಲೆ ಪಕ್ಕದ ದರ್ಶಿನಿಗೆ ಕರೆದುಕೊಂಡು ಹೋಗಿ ಇಡ್ಲಿ ತಿನ್ನಿಸಿದ ಮೇಲೇ ಮುಖಕ್ಕೆ ಬಣ್ಣ ಬಂದಿದ್ದು. ಬೇಕೇ ಇರದ ಪರೀಕ್ಷೆಗೆ ಅಷ್ಟು ಹೊತ್ತು ಹಸಿದಿರುವುದು ನನಗೆ ಸರಿ ಕಾಣಲಿಲ್ಲ.

ಮ್ಯಾನೇಜರ್ ಹತ್ತಿರ ಹೋಗಿ ಮಾತಾಡಿದೆ. ಮರ್ಯಾದೆಯಿಂದ ಕೇಳಿಸಿಕೊಂಡರು. ಮಷೀನು ಹಾಗೇ ಪ್ರಿಂಟ್ ಮಾಡುತ್ತದೆ ಮೇಡಂ, ನಮ್ಮ ಕೈಲಿಲ್ಲ ಎಂದರು. ನಾನು ಕೇಳಿದ್ದು ಒಂದೇ ಸಾಲು: 'ಗರ್ಭಿಣಿಯರಲ್ಲಿ ಈ ಮಟ್ಟಗಳು ಸಹಜವಾಗಿ ಏರುತ್ತವೆ, ನಿಮ್ಮ ವೈದ್ಯರಿಗೆ ತೋರಿಸಿ'. ಅದನ್ನು ಹಾಕಿಸಲು ಆಗುವುದಿಲ್ಲವೇ? ಅದೇ ರಿಪೋರ್ಟ್‌ನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವಕ್ಕೂ ಕೆಂಪು ಬಾಣ ಇತ್ತು. ಅದೂ ಮಾಸಿನಿಂದ ಏರುವಂಥದ್ದೇ. ಪೆಥಾಲಜಿಸ್ಟ್ ಹತ್ತಿರ ಕೇಳುತ್ತೇನೆ ಎಂದು ನನ್ನ ನಂಬರ್ ಬರೆದುಕೊಂಡಿದ್ದಾರೆ. ಇನ್ನೂ ಉತ್ತರ ಬಂದಿಲ್ಲ.

ಲ್ಯಾಬ್ ಹೆಸರು ಬರೆಯುತ್ತಿಲ್ಲ, ಏಕೆಂದರೆ ಸಹೋದ್ಯೋಗಿಗಳು ತೋರಿಸಿದ ಬೇರೆ ಲ್ಯಾಬ್‌ಗಳ ರಿಪೋರ್ಟ್‌ಗಳಲ್ಲೂ ಇದನ್ನೇ ನೋಡಿದ್ದೇನೆ. ರಕ್ತ ತೆಗೆಯುವುದಕ್ಕೆ, ನಡೆಸಿಕೊಂಡ ರೀತಿಗೆ ಐದಕ್ಕೆ ಐದು. ಪ್ಯಾಕೇಜ್‌ಗೆ ಎರಡು. ರಿಪೋರ್ಟ್‌ಗೆ ಒಂದು.

ತಂಗಿ ಈಗ ಮೊಟ್ಟೆ ತಿನ್ನುತ್ತಿದ್ದಾಳೆ, ರೊಟ್ಟಿಗೆ ತುಪ್ಪವೂ ಇದೆ. ಅತ್ತೆಯವರಿಗೆ ಡಾಕ್ಟರಮ್ಮನೇ ಫೋನಿನಲ್ಲಿ ಹೇಳಿದರು. ಹೆರಿಗೆಯಾಗಿ ಕೆಲವು ವಾರ ಕಳೆದ ಮೇಲೆ, ಬಾಣಂತನ ಮುಗಿಯುತ್ತಾ ಬಂದಾಗ ಲಿಪಿಡ್ ಇನ್ನೊಮ್ಮೆ ನೋಡೋಣ ಎಂದಿದ್ದಾರೆ. ಆಗಲೂ ಇಳಿದಿರದಿದ್ದರೆ ಮುಂದಿನ ಮಾತು. ರಕ್ತ ಕೊಡಲು ಇದೇ ಲ್ಯಾಬ್‌ಗೆ ಹೋಗುತ್ತೇವೆ, ಆ ಹುಡುಗಿ ಇರುವ ಬೆಳಗಿನ ಹೊತ್ತಿಗೇ. ಪ್ಯಾಕೇಜ್ ತೆಗೆದುಕೊಳ್ಳುವುದಿಲ್ಲ, ಡಾಕ್ಟರ್ ಚೀಟಿಯಲ್ಲಿ ಬರೆದಷ್ಟು ಮಾತ್ರ ಮಾಡಿಸುತ್ತೇವೆ.