ದರಗಿನ ಮೇಲೆ ಕೂತು ಪಂಕ್ಚರ್ ಹಾಕಬೇಡಿ

ಈ ಭಾನುವಾರ ನಮ್ಮ ಸೈಕಲ್ ಬಳಗದ ಏಳೆಂಟು ಜನ ಶೆಟ್ಟಿಹಳ್ಳಿ ಅಭಯಾರಣ್ಯದ ಅಂಚಿನ ಮಣ್ಣುದಾರಿಗೆ ಹೊರಟಿದ್ದಾರೆ ಎಂದು ನಿನ್ನೆ ರಾತ್ರಿ ಗೊತ್ತಾಯಿತು. ಫೆಬ್ರವರಿ ಎರಡನೇ ಭಾನುವಾರ ಅದೇ ದಾರಿಯಲ್ಲಿ ಮುಕ್ಕಾಲು ಗಂಟೆ ಕೂತಿದ್ದಕ್ಕೆ ನಾನು ಎರಡು ಸಲ ಆಸ್ಪತ್ರೆ ಸೇರಬೇಕಾಯಿತು. ನನಗೆ ಬಂದದ್ದು ಮಂಗನ ಕಾಯಿಲೆ, ರಕ್ತ ಹೀರುವ ಉಣುಗು (ಉಣ್ಣೆ) ಕಚ್ಚಿ ಬರುವ ವೈರಸ್ ಜ್ವರ. ಕೈ ಇನ್ನೂ ಸ್ವಲ್ಪ ನಡುಗುತ್ತದೆ, ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆತನಕ ಓದಿ, ಹೊರಟವರಿಗೂ ತೋರಿಸಿ.

ನಾನು ಮತ್ತು ಗೆಳೆಯ ಬೆಳಿಗ್ಗೆ ಐದೂವರೆಗೆ ಶಿವಮೊಗ್ಗ ಬಿಟ್ಟೆವು. ಗಾಜನೂರು, ಸಕ್ರೆಬೈಲು ದಾಟುವಾಗ ತುಂಗೆಯ ಹಿನ್ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮಂಡಗದ್ದೆಯಲ್ಲಿ ಚಹಾ ಕುಡಿದು, ಹೆದ್ದಾರಿ ಬಿಟ್ಟು ಮಣ್ಣುದಾರಿಗೆ ಇಳಿದೆವು. ಮಣ್ಣುದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ ತೆಗೆದುಕೊಂಡವರಿಗೆ ಈ ದಾರಿಗಳ ರುಚಿ ಗೊತ್ತು. ಕೆಂಪು ಜಂಬಿಟ್ಟಿಗೆ ಪುಡಿ, ಒಂದು ಬದಿ ಅಡಿಕೆ ತೋಟ, ಇನ್ನೊಂದು ಬದಿ ಕಾಡು, ಗಂಟೆಗೊಂದು ಬೈಕ್ ಬಂದರೆ ಹೆಚ್ಚು. ನಾವು ಅಭಯಾರಣ್ಯದ ಒಳಗೆ ಕಾಲಿಟ್ಟಿರಲಿಲ್ಲ. ಫೋನಿನ ಮ್ಯಾಪಿನಲ್ಲಿ ಕಾಡಿನ ನಡುವೆ ಹಾದುಹೋಗುವ ಗೆರೆಗಳು ಕಾಣುತ್ತವೆ, ಆದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅಲ್ಲಿಗೆ ಹೋಗುವುದು ಅಪರಾಧ. ಅಷ್ಟು ಎಚ್ಚರ ನಮಗಿತ್ತು. ಆನೆ ಎದುರಾದರೆ ಏನು ಮಾಡಬೇಕು ಅಂತಲೂ ಮಾತಾಡಿಕೊಂಡಿದ್ದೆವು. ಉಣುಗಿನ ಯೋಚನೆ ಮಾತ್ರ ಇಬ್ಬರಿಗೂ ಬರಲಿಲ್ಲ.

ಒಂದು ಇಳಿಜಾರಿನಲ್ಲಿ ನನ್ನ ಹಿಂದಿನ ಟೈರ್ ಬದಿಗೆ ಕಲ್ಲು ತಾಗಿ ಸೀಳಿತು. ತೂತು ತಾನಾಗೇ ಮುಚ್ಚಲೆಂದು ಟೈರ್ ಒಳಗೆ ಹಾಕಿದ್ದ ಸೀಲೆಂಟ್ ದ್ರವ ಹಾಲಿನ ಹಾಗೆ ಚಿಮ್ಮಿತೇ ಹೊರತು ತೂತು ಮುಚ್ಚಲಿಲ್ಲ. ಟ್ಯೂಬ್ ಹಾಕಲೇಬೇಕಿತ್ತು. ದಾರಿಯಲ್ಲಿ ಬಿಸಿಲಿತ್ತು, ಹಾಗಾಗಿ ಬಿದಿರುಮೆಳೆಯ ನೆರಳಿಗೆ ಸೈಕಲ್ ತಳ್ಳಿಕೊಂಡು ಹೋಗಿ ದರಗಿನ ಮೇಲೆ ಮಲಗಿಸಿದೆ. ಪಾದ ಮುಳುಗುವಷ್ಟು ಒಣಗಿದೆಲೆ. ನಾನೂ ಅದರ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತೆ. ಮೈಮೇಲೆ ಇದ್ದದ್ದು ಅರ್ಧ ತೋಳಿನ ಜರ್ಸಿ, ತೊಡೆಮಟ್ಟದ ಸೈಕಲ್ ಚಡ್ಡಿ. ಗೆಳೆಯ ಪೂರ್ತಿ ಪ್ಯಾಂಟಿನಲ್ಲಿದ್ದ, ದಾರಿ ಮೇಲೇ ನಿಂತು ಪಂಪ್ ಎತ್ತಿ ಕೊಟ್ಟ. ಅವನಿಗೆ ಏನೂ ಆಗಲಿಲ್ಲ.

ಅಲ್ಲಿ ಏನೋ ಸತ್ತ ವಾಸನೆ ಬರುತ್ತಿತ್ತು. ಹೆಗ್ಗಣವೋ ಹಾವೋ ಇರಬೇಕು ಅಂದುಕೊಂಡೆವು. ಆ ವಾಸನೆ ಬಂದ ಕೂಡಲೇ ಎದ್ದು ಹೋಗಬೇಕಿತ್ತು.

ಮನೆಗೆ ಬಂದು ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ ತುರಿಸಿತು. ನೋಡಿದರೆ ಗಸಗಸೆ ಕಾಳಿನಷ್ಟು ಕಂದು ಚುಕ್ಕೆಗಳು, ಮೂರು. ಮಣ್ಣು ಅಂದುಕೊಂಡು ಉಜ್ಜಿದೆ, ಹೋಗಲಿಲ್ಲ. ಉಗುರಿನಿಂದ ಕಿತ್ತಾಗ ಬೆರಳ ತುದಿಯಲ್ಲಿ ಕಾಲು ಆಡಿಸಿತು. ಹಿಸುಕಿ ಬಿಸಾಕಿದೆ. ಇನ್ನೊಂದು ಸೊಂಟದ ಎಲಾಸ್ಟಿಕ್ ಕೆಳಗಿತ್ತು. ಮಲೆನಾಡಿನಲ್ಲಿ ಹುಟ್ಟಿದವನು ನಾನು. ಇಂಬಳ (ಜಿಗಣೆ) ಕಚ್ಚಿದ ಹಾಗೆ ಇದೂ ಒಂದು ಅಂತ ಸುಮ್ಮನಾದೆ.

ಆರನೇ ದಿನ, ಶನಿವಾರ ಮಧ್ಯಾಹ್ನ, ಆಫೀಸಿನಲ್ಲಿ ಕೂತಿದ್ದ ಹಾಗೇ ಚಳಿ ಹಿಡಿಯಿತು. ಸಂಜೆಗೆ 103 ಡಿಗ್ರಿ. ಹಣೆ ಸಿಡಿಯುವಂಥ ನೋವು, ಸೊಂಟ, ಮೀನಖಂಡ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಕಣ್ಣು ಕೆಂಡದಂತೆ ಕೆಂಪಾಗಿತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ವೈರಲ್ ಜ್ವರ ಎಂದು ನೋವಿನ ಮಾತ್ರೆ ಬರೆದುಕೊಟ್ಟರು. ಕಾಡಿನ ಕಡೆ ಹೋಗಿದ್ದಿರಾ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ದಿನ ಹೀಗೆ ಹಾಳಾಯಿತು. ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು.

ಆ ಹೊತ್ತಿಗೆ ಸರಿಯಾಗಿ ತೀರ್ಥಹಳ್ಳಿ ಕಡೆಯಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಜ್ವರ ಅಂದ ತಕ್ಷಣ ಅವರು ಕೇಳಿದ್ದು ಒಂದೇ ಮಾತು: "ಕಾಡಿಗೇನಾದ್ರೂ ಹೋಗಿದ್ಯೇನೋ? ಉಣುಗು ಕಚ್ಚಿತ್ತಾ?" ಹೌದು ಅಂದೆ. "ಹಾಗಾದ್ರೆ ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗೋ ಮಾರಾಯ, ಮಂಗನ ಕಾಯ್ಲೆ ಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳು." ಕೇಳಿದೆ. ರಕ್ತ ತೆಗೆದುಕೊಂಡರು, ಆರ್‌ಟಿಪಿಸಿಆರ್ ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು 42 ಸಾವಿರಕ್ಕೆ ಇಳಿದಿದ್ದವು. ವಾರ್ಡಿನ ಡಾಕ್ಟರು ಮೊದಲು ನಿಲ್ಲಿಸಿದ್ದು ಆ ನೋವಿನ ಮಾತ್ರೆಯನ್ನು. ರಕ್ತಸ್ರಾವದ ಅಪಾಯ ಇರುವ ಜ್ವರದಲ್ಲಿ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ತಗೊಳ್ಳಬಾರದು ಅಂದರು.

ಒಂಬತ್ತು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ. ಈ ಕಾಯಿಲೆಗೆ ಅಂತಲೇ ಬೇರೆ ಮದ್ದಿಲ್ಲ, ಜ್ವರ, ನೀರು, ರಕ್ತ ನೋಡಿಕೊಳ್ಳುವುದೇ ಚಿಕಿತ್ಸೆ. ನೂರರಲ್ಲಿ ಮೂರರಿಂದ ಐದು ರೋಗಿಗಳು ಸಾಯುತ್ತಾರೆ. ವಾಸಿಯಾಯಿತು ಎಂದು ಮನೆಗೆ ಬಂದ ಮೇಲೆ ಮಾರ್ಚ್ ಮೊದಲ ವಾರ ಮತ್ತೆ ಜ್ವರ ಬಂತು, ಈ ಸಲ ತಲೆನೋವಿನ ಜೊತೆ ಕುತ್ತಿಗೆ ಬಿಗಿದು, ಕೈ ನಡುಗಿ, ಎದುರಿಗಿದ್ದವರ ಮುಖ ಮಂಜಾಗಿ. ಕೆಲವರಿಗೆ ಹೀಗೆ ಎರಡನೇ ಸುತ್ತು ಬರುತ್ತದಂತೆ. ಮಗಳು ಹಾಸಿಗೆ ಹತ್ತಿರ ಬರಲು ಹೆದರಿದಳು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ ಎಂದು ನರ್ಸಮ್ಮ ಅವಳ ಕೈ ಹಿಡಿದು ನನ್ನ ಕೈಯಲ್ಲಿ ಇಟ್ಟರು.

ಗೆಳೆಯ ಆ ಜಾಗದ ಗುರುತನ್ನು ಅಲ್ಲಿನ ಆಶಾ ಕಾರ್ಯಕರ್ತೆಗೆ ಕೊಟ್ಟಿದ್ದ. ಆರೋಗ್ಯ ಇಲಾಖೆಯವರು ಹೋಗಿ ನೋಡಿದಾಗ ಬಿದಿರುಮೆಳೆಯ ಹಿಂದೆ ಒಂದು ಮುಸುವ ಸತ್ತು ಒಣಗಿಹೋಗಿತ್ತು. ನಾನು ಕೂತಿದ್ದ ಜಾಗಕ್ಕೆ ಹತ್ತು ಹೆಜ್ಜೆ. ಈ ವೈರಸ್ ತಗುಲಿದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಸುತ್ತಲಿನ ದರಗಿಗೆ ಇಳಿಯುತ್ತದೆ, ಮುಂದೆ ಸಿಕ್ಕವರ ಮೈ ಹತ್ತುತ್ತದೆ.

ನಾವು ಸೈಕಲ್‌ನವರು ತಲೆಯಲ್ಲಿಟ್ಟುಕೊಳ್ಳಬೇಕಾದ ಸಂಗತಿ ಒಂದಿದೆ. ಮಳೆ ನಿಂತು, ಮಣ್ಣು ಗಟ್ಟಿಯಾಗಿ, ಗ್ರಾವೆಲ್ ದಾರಿ ಚೆನ್ನಾಗಿರುವ ಕಾಲ ಡಿಸೆಂಬರಿನಿಂದ ಮೇ. ಮನುಷ್ಯರಿಗೆ ಕಚ್ಚುವ ಆ ಗಸಗಸೆ ಗಾತ್ರದ ಎಳೆ ಉಣುಗು ಹೆಚ್ಚಿರುವುದೂ ಅದೇ ತಿಂಗಳುಗಳಲ್ಲಿ. 1957ರಲ್ಲಿ ಈ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರದ ಅರಲಗೋಡಿನಲ್ಲಿ ಎಷ್ಟು ಮನೆಗಳು ಅತ್ತವು ಎಂದು ಇಲ್ಲಿನವರಿಗೆ ನೆನಪಿದೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ ಈಗ ನಿಲ್ಲಿಸಿದ್ದಾರೆ. ದರಗು, ಸೌದೆ ತರಲು ಹೋಗುವ ಹೆಂಗಸರು ಹೊಟ್ಟೆಪಾಡಿಗೆ ಈ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ. ನಾವು ಹೋಗುವುದು ಖುಷಿಗೆ, ಅದನ್ನು ಜೂನ್ ತನಕ ತಡೆದುಕೊಳ್ಳಬಹುದು.

ಹೋಗಲೇಬೇಕು ಅನ್ನುವವರು ಮೊದಲು ಆ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ಕೇಳಿ, ಮಂಗ ಸತ್ತಿದೆಯಾ ಅಂತ. ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಅವರೇ ಕೊಡುತ್ತಾರೆ. ಕಾಲು, ಕೈ, ಕುತ್ತಿಗೆಗೆ ಹಚ್ಚಿ. ಚಡ್ಡಿ ಬೇಡ, ತೆಳುಬಣ್ಣದ ಪೂರ್ತಿ ಪ್ಯಾಂಟ್ ಹಾಕಿ ತುದಿಯನ್ನು ಸಾಕ್ಸ್ ಒಳಗೆ ಸಿಕ್ಕಿಸಿ. ಟೈರ್ ಹೋದರೆ ಬಿಸಿಲಿದ್ದರೂ ದಾರಿಯ ನಡುವೆಯೇ ನಿಂತು ಸರಿಮಾಡಿ. ಸೈಕಲ್, ಬ್ಯಾಗ್, ಹೆಲ್ಮೆಟ್ ಯಾವುದನ್ನೂ ದರಗಿಗೆ ತಾಗಿಸಬೇಡಿ. ಮನೆಗೆ ಬಂದು ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮಿಂದು, ಮೊಣಕಾಲ ಹಿಂದೆ, ಕಂಕುಳು, ಕಿವಿ ಹಿಂದೆ, ಸೊಂಟ ಬೇರೆಯವರಿಂದ ನೋಡಿಸಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ನಾನು ಮಾಡಿದ ಹಾಗೆ ಬೆರಳಲ್ಲಿ ಹಿಸುಕಬೇಡಿ. ಹತ್ತು ದಿನದೊಳಗೆ ಜ್ವರ ಬಂದರೆ ಡಾಕ್ಟರು ಕೇಳುವ ಮೊದಲೇ ಹೇಳಿ: ಕಾಡಿನ ಅಂಚಿಗೆ ಹೋಗಿದ್ದೆ, ಉಣುಗು ಕಚ್ಚಿದೆ.

ಭಾನುವಾರ ಹೊರಟ ಗೆಳೆಯರೇ, ನಾವು ಕೂತಿದ್ದ ಆ ಇಳಿಜಾರು ನಿಮ್ಮ ದಾರಿಯಲ್ಲೇ ಇದೆ. ಗುರುತು ಬೇಕಾದವರು ನನ್ನನ್ನು ಕೇಳಿ, ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಎತ್ತುತ್ತೇನೆ.